ಸಹಾಯ ಬೇಕು: ಮಾಳಿಗೆ ಆಫೀಸಲ್ಲಿ ರೀಫ್ ಟ್ಯಾಂಕ್, ಸ್ಲ್ಯಾಬ್ ತಡೀತದಾ?

ಕಾಸರಗೋಡು ಪೇಟೆಯಲ್ಲಿ ನಮ್ಮ ಆಫೀಸ್ ಒಂದನೇ ಮಾಳಿಗೆಯಲ್ಲಿ ಉಂಟು, ಕಟ್ಟಡ ಹಳತು. ರಿಸೆಪ್ಷನಲ್ಲಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ರೀಫ್ ಟ್ಯಾಂಕ್ (ಹವಳ, ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂ) ಮಾಡಿಸುವ ಅಂತ ಹೊರಟದ್ದು. ಉಪ್ಪುನೀರೇ ಸುಮಾರು 680 ಲೀಟರ್, ಮತ್ತೆ ಗ್ಲಾಸು, ಕಲ್ಲು, ಸ್ಟ್ಯಾಂಡು, ಸ್ಟ್ಯಾಂಡಿನೊಳಗೆ ಇಡುವ ಸಂಪು (ನೀರು ಫಿಲ್ಟರ್ ಮಾಡುವ ಸಣ್ಣ ಟ್ಯಾಂಕ್) ಎಲ್ಲ ಸೇರಿದ್ರೆ 1 ಟನ್ ದಾಟ್ತದೆ. ಟ್ಯಾಂಕ್ ಮಾಡುವವ್ರು "ಎಂತ ಆಗ್ಲಿಕ್ಕಿಲ್ಲ ಮಾರಾಯ್ರೆ" ಹೇಳ್ತಾರೆ, ಅವ್ರಿಗೆಂತ, ಕೆಳಗಿನ ಅಂಗಡಿಯವ್ರು ಹಿಡಿಯೂದು ನಮ್ಮನ್ನಲ್ವಾ! ಇಂಜಿನಿಯರ್ ಒಬ್ರನ್ನ ಕೇಳಿದ್ರೆ ಆಫೀಸ್ ಸ್ಲ್ಯಾಬಿಗೆ ಚದರ ಮೀಟರಿಗೆ 250ರಿಂದ 400 ಕಿಲೋ ಲೆಕ್ಕ, ಡ್ರಾಯಿಂಗ್ ತನ್ನಿ ಅಂದ್ರು, ಓನರ್ ಹತ್ರ ಡ್ರಾಯಿಂಗೇ ಇಲ್ಲ. ಕೆಳಗಿನ ಅಂಗಡಿಯೊಳಗೆ ಹೋಗಿ ಮೇಲೆ ನೋಡಿದೆ, ನಮ್ಮ ಹಿಂದಿನ ಗೋಡೆಯಡಿ ದಪ್ಪ ಬೀಮ್ ಒಂದು ಕಾಣ್ತದೆ, ಬದಿಯಲ್ಲಿ ಸಣ್ಣ ಬಿರುಕು ಸಹ ಉಂಟು. ಟ್ಯಾಂಕನ್ನು ಉದ್ದಕ್ಕೆ ಆ ಬೀಮಿನ ಮೇಲೆಯೇ ಗೋಡೆಗೆ ತಾಗಿಸಿ ಇಟ್ರೆ ಸಾಕಾ, ಅಲ್ಲ ಡ್ರಾಯಿಂಗ್ ಇಲ್ಲದೆ ಸ್ಲ್ಯಾಬ್ ಟೆಸ್ಟ್ ಮಾಡಿಸ್ಲಿಕ್ಕೆ ದಾರಿ ಉಂಟಾ? ಮಾಳಿಗೆಯಲ್ಲಿ ಇಟ್ಟವ್ರು ಯಾರಾದ್ರೂ ಇದ್ರೆ ಹೇಳಿ.