ಪೇಪರಿನಲ್ಲಿ ಹಾಕಿದ ಫೋಟೋ ಕೇಸನ್ನೇ ಕೆಡಿಸಿದೆ, ಈಗ ಏನು ಮಾಡಬೇಕು?

ಅಚ್ಚುಮೊಳೆ (ದಾವಣಗೆರೆ) ಕೇಳಿದ್ದು:

ನಾನು ದಾವಣಗೆರೆಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ಪುಟ ಕಟ್ಟುವವನು. ಪತ್ರಿಕೆ ಹೆಸರು ಬೇಡ. ವರದಿಗಾರರು ಸುದ್ದಿ ಕಳಿಸುತ್ತಾರೆ, ನಾನು ಹೆಡಿಂಗ್ ಕೊಟ್ಟು, ಫೋಟೋ ಕೂರಿಸಿ, ರಾತ್ರಿ ಹನ್ನೊಂದೂವರೆಗೆ ಪ್ರೆಸ್ಸಿಗೆ ಬಿಡುತ್ತೇನೆ.

2021ರಲ್ಲಿ ಸರ ಕಿತ್ತುಕೊಂಡು ಹೋದ ಒಂದು ಕೇಸಿನ ಸುದ್ದಿ ಬಂತು. ಜೊತೆಗೆ ಪ್ರೆಸ್ ಮೀಟ್ ಫೋಟೋ. ಮೇಜಿನ ಮೇಲೆ ನೀಲಿ ಬಟ್ಟೆ, ಅದರ ಮೇಲೆ ಎರಡು ಚಿನ್ನದ ಸರ, ಹಿಂದೆ ಒಬ್ಬ ಹುಡುಗ, ಅವನ ಎರಡೂ ಕಡೆ ಪೊಲೀಸರು. ಕೋವಿಡ್ ಟೈಮು ಅಲ್ವಾ, ಫೋಟೋದಲ್ಲಿದ್ದವರೆಲ್ಲ ಮಾಸ್ಕ್ ಹಾಕಿದ್ದರು. ಆ ಹುಡುಗನ ಮಾಸ್ಕ್ ಮಾತ್ರ ಗದ್ದಕ್ಕೆ ಇಳಿಸಿದ್ದರು. ಮುಖ ಕಾಣಲಿ ಅಂತ.

ವರದಿಗಾರ ಬರೆದಿದ್ದ ಹೆಡಿಂಗ್ 'ಸರ ಕಳವು ಪ್ರಕರಣ: ಆರೋಪಿ ಬಂಧನ'. ಎರಡು ಕಾಲಂ ಜಾಗಕ್ಕೆ ಅದು ಕೂರಲಿಲ್ಲ. ನಾನು 'ಸರಗಳ್ಳನ ಸೆರೆ' ಅಂತ ಮಾಡಿದೆ. ಸಕಾರದ ಪ್ರಾಸ ಬೇರೆ. ಮರುದಿನ ಸಂಪಾದಕರು ಹೆಡಿಂಗ್ ಚೆನ್ನಾಗಿದೆ ಅಂದಿದ್ದೂ ನೆನಪಿದೆ.

ಹೋದ ತಿಂಗಳು ಆ ಹುಡುಗ ಆಫೀಸಿಗೆ ಬಂದ. ನನಗೆ ಗುರುತು ಸಿಗಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಹತ್ತೊಂಬತ್ತು ಪುಟದ ತೀರ್ಪಿನ ನಕಲು ತೆಗೆದು ಮೇಜಿನ ಮೇಲಿಟ್ಟ. ಖುಲಾಸೆಯಾಗಿದೆ. 'ಅವತ್ತು ಹಾಕಿದ ಜಾಗದಲ್ಲೇ ಇದನ್ನೂ ಹಾಕ್ರಿ' ಅಂದ. ಮೊದಲು ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದನಂತೆ. ಜಾಮೀನಿನ ಮೇಲೆ ಹೊರಗೆ ಬಂದಾಗ ಮಾಲೀಕರು ಸೇರಿಸಲಿಲ್ಲ. ಈಗ ಎಪಿಎಂಸಿಯಲ್ಲಿ ಲಾರಿಗೆ ಚೀಲ ತುಂಬುತ್ತಾನೆ.

ಅವನು ಹೋದ ಮೇಲೆ ಟೀ ಕುಡಿಯುತ್ತಾ ಸುಮ್ನೆ ಆ ತೀರ್ಪು ಓದಿದೆ. ಹನ್ನೆರಡನೇ ಪುಟಕ್ಕೆ ಬಂದಾಗ ಟೀ ಗಂಟಲಲ್ಲಿ ಇಳಿಯಲಿಲ್ಲ. ಸರ ಕಳೆದುಕೊಂಡ ಹೆಂಗಸು ಕೋರ್ಟಿನಲ್ಲಿ 'ಇವನೇ' ಅಂತ ಕೈ ತೋರಿಸಿದ್ದಾರೆ. ಪಾಟೀಸವಾಲಿನಲ್ಲಿ ವಕೀಲರು ಕೇಳಿದ್ದಕ್ಕೆ, ಗುರುತು ಪತ್ತೆ ಪೆರೇಡಿಗೆ ಹೋಗುವ ನಾಲ್ಕು ದಿನ ಮೊದಲೇ ಪೇಪರಿನಲ್ಲಿ ಇವನ ಫೋಟೋ ನೋಡಿದ್ದು ನಿಜ ಅಂತ ಒಪ್ಪಿಕೊಂಡಿದ್ದಾರೆ. ಆ ಪೇಪರ್ ತುಣುಕನ್ನು ಆರೋಪಿ ಪರ ದಾಖಲೆಯಾಗಿ ನಿ.ಡಿ-1 ಅಂತ ಗುರುತು ಮಾಡಿದ್ದಾರೆ. ಅದು ನಮ್ಮ ಪೇಪರು. ನಾನು ಕಟ್ಟಿದ ಪುಟ. ಪಂಚರು (ಮಹಜರಿಗೆ ಸಹಿ ಹಾಕಿದ ಸಾಕ್ಷಿಗಳು) ಉಲ್ಟಾ ಹೊಡೆದಿದ್ದರು, ಗುರುತು ಪತ್ತೆಯೂ ನಿಲ್ಲಲಿಲ್ಲ. ಸಂಶಯದ ಲಾಭ ಕೊಟ್ಟು ಬಿಟ್ಟಿದ್ದಾರೆ.

ಅಂದರೆ ಅವನು ಕದ್ದಿದ್ದನೋ ಇಲ್ಲವೋ ಅನ್ನೋದು ಇನ್ನು ಯಾರಿಗೂ ಗೊತ್ತಾಗಲ್ಲ. ಕದ್ದಿಲ್ಲದಿದ್ದರೆ ಅವನಿಗೆ ಅನ್ಯಾಯ ಮಾಡಿದೆ. ಕದ್ದಿದ್ದರೆ ಆ ಹೆಂಗಸಿಗೆ.

ಸಂಪಾದಕರು 'ಹಳೇ ಸುದ್ದಿ, ನಾಲ್ಕು ಸಾಲು ಸಂಕ್ಷಿಪ್ತದಲ್ಲಿ ಹಾಕು' ಅನ್ನುತ್ತಿದ್ದಾರೆ. ಕಾನೂನು ಪ್ರಕಾರ ನಾವು ಮಾಡಿದ್ದು ತಪ್ಪಾ? ಈಗ ಏನು ಹಾಕಬೇಕು? ತಿಳಿದವರು ಹೇಳಿ.

ದುರ್ಗದ_ಬಂಡೆ (ಚಿತ್ರದುರ್ಗ):

ನಾನು ಕ್ರೈಂ ಮತ್ತು ಕೋರ್ಟ್ ವರದಿಗಾರ. ಎಲ್ಲಾ ಭಾರ ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಆ ಮಾಸ್ಕ್ ಇಳಿಸಿದ್ದು ನೀವಲ್ಲ.

ಬಂಧನದ ಸುದ್ದಿ ಹಾಕೋದೇ ತಪ್ಪು ಅನ್ನೋ ಕಡೆಗೆ ದಯವಿಟ್ಟು ಹೋಗಬೇಡಿ. ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು ಅಂತ ಸಂವಿಧಾನದ 22ನೇ ವಿಧಿಯಲ್ಲಿದೆ. ಯಾರನ್ನು ಯಾವತ್ತು ಹಿಡಿದರು ಅಂತ ಪೇಪರಿನಲ್ಲಿ ಬಂದಿದ್ದರೆ ಆ ಲೆಕ್ಕ ತಪ್ಪಿಸೋದು ಕಷ್ಟ. ಮಗ ಎಲ್ಲಿದ್ದಾನೆ ಅಂತ ನಮ್ಮ ವರದಿ ನೋಡಿ ಗೊತ್ತಾಯ್ತು ಅಂತ ಒಬ್ಬ ತಾಯಿ ನನಗೆ ಫೋನ್ ಮಾಡಿದ್ದರು. ಜೆಸ್ಸಿಕಾ ಲಾಲ್ ಕೊಲೆ ಕೇಸನ್ನೇ ನೋಡಿ. 1999ರ ಕೊಲೆ. 2006ರ ಫೆಬ್ರವರಿಯಲ್ಲಿ ಎಲ್ಲರೂ ಖುಲಾಸೆ. ಪತ್ರಿಕೆಗಳು, ಟಿವಿಗಳು ಬೆನ್ನು ಹತ್ತಿದವು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಜೀವಾವಧಿ ಕೊಟ್ಟಿತು, 2010ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಮಾಧ್ಯಮವೇ ವಿಚಾರಣೆ ನಡೆಸೋದು ಸರಿಯಲ್ಲ ಅಂತ ಅದೇ ತೀರ್ಪಿನಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದೆ. ನಮ್ಮವರು ಮೊದಲನೇ ಭಾಗ ಮಾತ್ರ ಹೇಳಿಕೊಂಡು ತಿರುಗುತ್ತಾರೆ.

2024ರ ಜೂನ್‌ನಲ್ಲಿ ನಮ್ಮೂರಿನ ಹುಡುಗನೊಬ್ಬನ ಕೊಲೆಯಾದಾಗ ಏನಾಯಿತು ಅಂತ ಎಲ್ಲರೂ ನೋಡಿದ್ದೀರಿ. ಆರೋಪಿಗಳಲ್ಲಿ ದೊಡ್ಡ ನಟರೊಬ್ಬರು ಇದ್ದಿದ್ದಕ್ಕೆ ಸ್ಟುಡಿಯೋಗಳಲ್ಲಿ ದಿನಕ್ಕೊಂದು ತೀರ್ಪು ಬಂತು. ಸೆಪ್ಟೆಂಬರಿನಲ್ಲಿ ಆರೋಪಪಟ್ಟಿಯ ಗೌಪ್ಯ ವಿವರ ಪ್ರಸಾರ ಮಾಡಬೇಡಿ ಅಂತ ಹೈಕೋರ್ಟೇ ತಡೆ ಕೊಡಬೇಕಾಯಿತು. ಸತ್ತವನ ಮನೆಯವರಿಗೂ ಅದರಿಂದ ನೆಮ್ಮದಿ ಸಿಕ್ಕಿತು ಅಂತ ನನಗೆ ಅನಿಸಲಿಲ್ಲ.

ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಲ್ಲಿ ಕೂತು, ಇವರು ಹೀಗಂದರು, ಅವರು ಹಾಗಂದರು ಅಂತ ಬರೆಯೋದು ನನ್ನ ಕೆಲಸ. ಅದನ್ನು ಓದುವವರು ಕಡಿಮೆ. ವಾಟ್ಸಾಪಿನಲ್ಲಿ ಬಂದ ಪ್ರೆಸ್ ನೋಟನ್ನು ಹಾಗೇ ಎತ್ತಿ ಹಾಕಿದ್ದಕ್ಕೆ ಜಾಸ್ತಿ ಓದುಗರು. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಕರಿಕೋಟು (ದಾವಣಗೆರೆ):

ಕ್ರಿಮಿನಲ್ ಕಡೆ ಪ್ರಾಕ್ಟೀಸ್ ಮಾಡುವವನು. ಈ ಕೇಸು ನನ್ನದಲ್ಲ.

ಮೊದಲು ಕಾನೂನಿನ ಮಾತು. 1971ರ ನ್ಯಾಯಾಂಗ ನಿಂದನೆ ಕಾಯ್ದೆ ಪ್ರಕಾರ ಕ್ರಿಮಿನಲ್ ಕೇಸು 'ಬಾಕಿ ಇದೆ' ಅನ್ನಿಸಿಕೊಳ್ಳೋದು ಆರೋಪಪಟ್ಟಿ ಹಾಕಿದ ಮೇಲೆ, ಇಲ್ಲ ಕೋರ್ಟು ಸಮನ್ಸೋ ವಾರಂಟೋ ಹೊರಡಿಸಿದ ಮೇಲೆ. ಬಂಧನ ಆದ ಮರುದಿನ ನೀವು ಹಾಕಿದ ಫೋಟೋ ಆ ಬೇಲಿಯ ಹೊರಗೆ ಉಳಿಯುತ್ತೆ, ಅಂದರೆ ನಿಂದನೆ ಅನ್ನಿಸಿಕೊಳ್ಳಲ್ಲ. ಕೆಡುಕೆಲ್ಲ ಆಗೋದು ಆ ನಡುವಿನ ದಿನಗಳಲ್ಲೇ. ಅದಕ್ಕೇ ಬಂಧನದ ದಿನದಿಂದಲೇ ಲೆಕ್ಕ ಹಿಡಿಯಿರಿ ಅಂತ ಕಾನೂನು ಆಯೋಗ 2006ರಲ್ಲಿ ತನ್ನ 200ನೇ ವರದಿಯಲ್ಲಿ ಹೇಳಿತ್ತು. ಕಾಯ್ದೆ ಬದಲಾಗಲಿಲ್ಲ.

ನಮ್ಮಲ್ಲಿ ಈಗ ಜೂರಿ ಇಲ್ಲ, ಜಡ್ಜ್ ಪೇಪರ್ ನೋಡಿ ತೀರ್ಪು ಕೊಡಲ್ಲ, ಆದ್ದರಿಂದ ಏನೂ ತೊಂದರೆಯಿಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಜಡ್ಜ್ ವಿಷಯ ಬಿಡಿ, ಸಾಕ್ಷಿ ಪೇಪರ್ ಓದುತ್ತಾರಲ್ಲ? ಗುರುತು ಪತ್ತೆ ಪೆರೇಡ್ ನೋಡಿಲ್ಲದವರಿಗೆ ಹೇಳುತ್ತೇನೆ. ಜೈಲಿನೊಳಗೆ, ತಹಶೀಲ್ದಾರ್ ಎದುರಿಗೆ, ಆರೋಪಿಯಷ್ಟೇ ವಯಸ್ಸಿನ, ಅವನಂಥದೇ ಮೈಕಟ್ಟಿನ ಏಳೆಂಟು ಜನರ ನಡುವೆ ಅವನನ್ನು ನಿಲ್ಲಿಸುತ್ತಾರೆ. ಸಾಕ್ಷಿ ಒಬ್ಬರೇ ಒಳಗೆ ಬಂದು ಗುರುತಿಸಬೇಕು. ಅವರು ಹುಡುಕಬೇಕಾದ್ದು ಅವತ್ತು ಬೈಕಿನ ಮೇಲೆ ಕಂಡ ಮುಖವನ್ನು. ನಡುವೆ ಪೇಪರಿನ ಫೋಟೋ ಕಣ್ಣಿಗೆ ಬಿದ್ದರೆ ಅವರು ಹುಡುಕೋದು ಆ ಫೋಟೋದ ಮುಖವನ್ನೇ. ಆಯಮ್ಮ ಸುಳ್ಳು ಹೇಳಿಲ್ಲ, ನಿಜವಾಗಿಯೂ ಗುರುತು ಸಿಕ್ಕಿತು ಅಂತಲೇ ಅಂದುಕೊಂಡಿರುತ್ತಾರೆ. ಆರೋಪಿ ಮುಖಕ್ಕೆ ಬಟ್ಟೆ ಹಾಕಿ ಕರೆತರೋದು ಇದಕ್ಕೇ ಹೊರತು ಅವನ ಮಾನ ಉಳಿಸೋಕಲ್ಲ. ಹೀಗಾಗಿ ಅವತ್ತು ಮಾಸ್ಕ್ ಇಳಿಸಿದವರು ತಮ್ಮ ಕೇಸನ್ನು ತಾವೇ ಕೆಡಿಸಿಕೊಂಡರು. ನಮ್ಮಂಥ ಡಿಫೆನ್ಸ್ ವಕೀಲರಿಗೆ ಅಂಥ ಫೋಟೋ ಸಿಕ್ಕರೆ ಹಬ್ಬ. ತಮಾಷೆಗೆ ಹೇಳುತ್ತಿಲ್ಲ.

ಹಾಗೇ ಇನ್ನೊಂದು. 'ವಿಚಾರಣೆ ವೇಳೆ ತಪ್ಪೊಪ್ಪಿಕೊಂಡಿದ್ದಾನೆ' ಅಂತ ದಿನಾ ಬರೆಯುತ್ತೀರಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 25ನೇ ಕಲಂ, 2024ರ ಜುಲೈ 1ರಿಂದ ಬಂದ ಹೊಸದರಲ್ಲಿ 23. ಕೋರ್ಟು ಓದಬಾರದ್ದನ್ನು ಊರೆಲ್ಲ ಓದುತ್ತೆ. ಪೊಲೀಸರು ಮಾಧ್ಯಮಕ್ಕೆ ಏನು ಹೇಳಬೇಕು, ಏನು ಹೇಳಬಾರದು ಅನ್ನೋದಕ್ಕೆ ಮೂರು ತಿಂಗಳಲ್ಲಿ ಕೈಪಿಡಿ ತಯಾರಿಸಿ ಅಂತ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 13ರಂದು ಗೃಹ ಸಚಿವಾಲಯಕ್ಕೆ ಹೇಳಿದೆ.

ಆ ಹುಡುಗನಿಗೆ ಪ್ರೆಸ್ ಕೌನ್ಸಿಲ್ ದಾರಿ ಇದೆ. ಮೊದಲು ಸಂಪಾದಕರಿಗೆ ಪತ್ರ ಬರೆಯಬೇಕು, ಅವರು ಕೇಳದಿದ್ದರೆ ದೂರು. ದಿನಪತ್ರಿಕೆಯಾದರೆ ಪ್ರಕಟವಾಗಿ ಎರಡು ತಿಂಗಳೊಳಗೆ ಕೊಡಬೇಕು. ಹಳೇ ಫೋಟೋಗೆ ಆ ಅವಧಿ ಎಂದೋ ಮುಗಿದಿದೆ. ಕೌನ್ಸಿಲ್ಲಿಗೆ ದಂಡ ಹಾಕುವ ಅಧಿಕಾರವೂ ಇಲ್ಲ, ಛೀಮಾರಿ ಹಾಕಬಹುದು ಅಷ್ಟೇ. ನೀವೇ ಮುಂದೆ ಬಂದು ಹಾಕಿದರೆ ಅವನಿಗೆ ಅದಕ್ಕಿಂತ ಜಾಸ್ತಿ ಸಿಕ್ಕ ಹಾಗೆ. ಕೋರ್ಟ್ ತೀರ್ಪಿನ ಸರಿಯಾದ ವರದಿಗೆ ಕಾನೂನಿನ ರಕ್ಷಣೆ ಇದೆ, ಸಂಪಾದಕರು ಹೆದರಬೇಕಿಲ್ಲ. 'ನಿರಪರಾಧಿ' ಅಂತ ಸೇರಿಸಬೇಡಿ, 'ಕಳ್ಳ ತಪ್ಪಿಸಿಕೊಂಡ' ಅನ್ನೋ ಧಾಟಿಯೂ ಬೇಡ. ತೀರ್ಪಿನಲ್ಲಿ ಇರೋದನ್ನು ಹಾಕಿ.

ಎರಡೆಳೆ_ಸರ (ದಾವಣಗೆರೆ):

ಎಲ್ಲರೂ ಆ ಹುಡುಗನ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಸರವೂ ಹೀಗೇ ಹೋಗಿದ್ದು, ರಥಸಪ್ತಮಿ ದಿನ, ಮನೆ ಮುಂದೆ ರಂಗೋಲಿ ಹಾಕುವಾಗ. ಕುತ್ತಿಗೆ ಮೇಲೆ ಗೀರು ಇನ್ನೂ ಇದೆ. ಆಮೇಲೆ ಪೇಪರಿನಲ್ಲಿ ಕಳ್ಳರ ಫೋಟೋ ಬಂದಾಗೆಲ್ಲ ನಾನೂ ಕನ್ನಡಕ ಹಾಕಿಕೊಂಡು ಹುಡುಕುತ್ತಿದ್ದೆ. ಅದು ತಪ್ಪು ಅಂತ ನನಗೆ ಯಾರೂ ಹೇಳಿರಲಿಲ್ಲ. 'ಪೇಪರ್ ನೋಡಬೇಡಿ' ಅಂತ ಒಂದು ಮಾತು ಪೊಲೀಸರು ಹೇಳಬಹುದಿತ್ತು. ನೀವು ಹಾಕದೇ ಇರಬಹುದಿತ್ತು.

ಕಳ್ಳರಿಗೂ ಮಾನವಾ ಅಂತ ಕೇಳೋಣ ಅಂತಲೇ ಒಳಗೆ ಬಂದೆ. ವಕೀಲರು ಹೇಳಿದ್ದು ಓದಿ ಸುಮ್ಮನಾದೆ. ನನ್ನ ಕೇಸಲ್ಲಿ ಯಾರೂ ಸಿಕ್ಕೇ ಇಲ್ಲ ಬಿಡಿ.

ಅಚ್ಚುಮೊಳೆ (ದಾವಣಗೆರೆ):

ಎಲ್ಲರಿಗೂ ಥ್ಯಾಂಕ್ಸ್. ಎರಡೆಳೆ ಅಮ್ಮನವರ ಮಾತು ಓದಿ ರಾತ್ರಿ ನಿದ್ದೆ ಸರಿ ಬರಲಿಲ್ಲ.

ತೀರ್ಪಿನ ಹನ್ನೆರಡನೇ ಪುಟ ಜೆರಾಕ್ಸ್ ಮಾಡಿಸಿ ಸಂಪಾದಕರ ಮುಂದಿಟ್ಟೆ. ನಮ್ಮ ಪೇಪರ್ ಹೆಸರು ಬಂದಿರೋ ಸಾಲಿಗೆ ಹಳದಿ ಮಾರ್ಕರ್ ಎಳೆದಿದ್ದೆ. ತುಂಬಾ ಹೊತ್ತು ನೋಡಿದರು. ಮೂರನೇ ಪುಟ, ಎರಡು ಕಾಲಂ, ಅವತ್ತಿನ ಜಾಗವೇ, ಒಪ್ಪಿದ್ದಾರೆ. ಫೋಟೋದಿಂದ ಗುರುತು ಪತ್ತೆ ಬಿದ್ದುಹೋದ ವಿಷಯವನ್ನೂ ಹಾಕೋಣ ಅಂದರೆ 'ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಳ್ಳೋದಾ' ಅಂದರು. ಎರಡು ದಿನ ಜಗ್ಗಾಡಿ, ಪತ್ರಿಕೆ ಹೆಸರಿಲ್ಲದೆ 'ಪತ್ರಿಕೆಯೊಂದರಲ್ಲಿ' ಅಂತ ಹಾಕಲು ಒಪ್ಪಿದರು. ಹೆಡಿಂಗ್: 'ಸರ ಕಳವು ಪ್ರಕರಣ: ಆರೋಪಿ ಖುಲಾಸೆ'. ಈ ಸಲ ಅಕ್ಷರ ಒಂದು ಪಾಯಿಂಟ್ ಸಣ್ಣ ಮಾಡಿ ಕೂರಿಸಿದೆ. ಕೂರುತ್ತೆ. ಅವತ್ತೂ ಕೂರುತ್ತಿತ್ತು.

ಅವನಿಗೆ ಫೋನ್ ಮಾಡಿ, ಫೋಟೋ ಹಾಕಲಾ ಅಂತ ಕೇಳಿದೆ. ಹಿಂದೆ ಲಾರಿ ಸದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವತ್ತು ಕೇಳಿದ್ರೇನ್ರೀ?' ಅಂದ. ಆಮೇಲೆ ಫೋಟೋ ಬೇಡ, ಹೆಸರು ಮಾತ್ರ ಪೂರ್ತಿ ಹಾಕ್ರಿ, ಅಪ್ಪನ ಹೆಸರೂ ಇರಲಿ ಅಂದ. ನಾಳೆ ರಾತ್ರಿಯ ಪುಟಕ್ಕೆ ಹೋಗುತ್ತೆ.