ಓದುಗರ ಸ್ಪಂದನ: ‘ಮೀಟಿಂಗ್ ಕರೆದರೂ ಯಾರೂ ಬಾಯಿ ಬಿಡಲ್ಲ’

ಸರ್, ನಿಮ್ಮ ಪತ್ರ ಎರಡು ಸಲ ಓದಿದೆ. ಬಸ್ ಡಿಪೊಗೆ ಮ್ಯಾನೇಜರ್ ಆಗಿ ಬಂದು ಇಷ್ಟು ದಿನವಾದರೂ ಡ್ರೈವರ್, ಕಂಡಕ್ಟರುಗಳು ಮೀಟಿಂಗಿನಲ್ಲಿ ಸುಮ್ನೆ ಕೂತು ಎದ್ದು ಹೋಗುತ್ತಾರೆ ಅಂತ ಬೇಜಾರು ಮಾಡಿಕೊಂಡಿದ್ದೀರಿ. ನಾನು 22 ವರ್ಷ ಬಸ್ ಓಡಿಸಿದವನು, ಹಾಗೇ ಸುಮ್ನೆ ಕೂತವನು. ನಮ್ಮ ರೂಟಿನಲ್ಲಿ ರಸ್ತೆ ಕೆಲಸ ನಡೆಯುತ್ತಿತ್ತು, ಟ್ರಿಪ್ಪಿಗೆ ಕೊಟ್ಟ ಟೈಮ್ ಸಾಲುತ್ತಿರಲಿಲ್ಲ, ತಡವಾದರೆ ಮೆಮೊ. ಮೀಟಿಂಗಿನಲ್ಲಿ ಹೇಳಿದರೆ ‘ನೋಡೋಣ’ ಅಂದರು. ಮುಂದಿನ ಸಲವೂ ‘ನೋಡೋಣ’. ಮೂರನೇ ಸಲ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಬಂದ ಮ್ಯಾನೇಜರ್ ಒಬ್ಬರು ಬೆಳಗ್ಗೆ ಒಂಬತ್ತರ ಟ್ರಿಪ್ಪಿಗೆ ನನ್ನ ಹಿಂದಿನ ಸೀಟಿನಲ್ಲೇ ಬಂದು ಕೂತರು. ಟಿಕೆಟ್ ಹಿಂಬದಿಯಲ್ಲಿ ಪ್ರತಿ ಸ್ಟಾಪಿನ ಟೈಮ್ ಬರೆದುಕೊಂಡರು. ಹದಿನೈದು ದಿನದಲ್ಲಿ 12 ನಿಮಿಷ ಜಾಸ್ತಿ ಸಿಕ್ಕಿತು. ನಾವು ಕೇಳಿದ್ದು 20. ಉಳಿದ ಎಂಟು ಯಾಕೆ ಆಗಲ್ಲ ಅಂತ ನೋಟಿಸ್ ಬೋರ್ಡಿಗೆ ಬರೆದು ಹಾಕಿದರು. ಗೊಣಗಿದೆವು, ಇಲ್ಲ ಅನ್ನಲ್ಲ. ಆದರೆ ಮುಂದಿನ ಮೀಟಿಂಗಿನಲ್ಲಿ ಎಲ್ಲರೂ ಮಾತಾಡಿದೆವು. ಆಗಲ್ಲ ಅನ್ನೋದೂ ಒಂದು ಉತ್ತರವೇ, ಕಾರಣ ಹೇಳಿದರೆ ಸಾಕು.
– ನಿವೃತ್ತ ಚಾಲಕ

ನಿಮ್ಮ ಪತ್ರದಲ್ಲಿ ಯೂನಿಯನ್ ಮುಖಂಡರ ಮಾತಿದೆ, ಡ್ಯೂಟಿ ಹಾಕುವ ಸೂಪರ್‌ವೈಸರ್ ಬಗ್ಗೆ ಒಂದು ಮಾತೂ ಇಲ್ಲ. ನಾನು ನೀರು ಸರಬರಾಜಿನಲ್ಲಿ ಅದೇ ಕೆಲಸ ಮಾಡುತ್ತೇನೆ. ಪಾಳಿ ಬದಲಾಗಿದ್ದು ಎಷ್ಟೋ ಸಲ ನನಗೆ ಗೊತ್ತಾಗೋದು ಕೆಲಸಗಾರರ ಬಾಯಿಂದ, ಅವರು ಬೈಯೋದು ಮಾತ್ರ ನನ್ನನ್ನು. ಮೊದಲು ನಮಗೆ ಹೇಳಿ. ಒಂದು ದಿನದ ರಜೆ, ಡ್ಯೂಟಿ ಅದಲುಬದಲು ಇಂಥದ್ದನ್ನಾದರೂ ಅಲ್ಲೇ ಮುಗಿಸುವ ಅಧಿಕಾರ ಕೊಡಿ.
– ಒಬ್ಬ ಮೇಲ್ವಿಚಾರಕಿ

ಇಬ್ಬರೂ ಹೇಳಿದ್ದು ಸರಿ, ಆದರೆ ಭಯದ ಮಾತು ಬಂದೇ ಇಲ್ಲ. ದೂರು ಕೊಟ್ಟಿದ್ದಕ್ಕೆ ಯಾರಿಗೂ ತೊಂದರೆ ಆಗಬಾರದು, ಸಾಧ್ಯವಾದಷ್ಟು ಆ ಜಾಗದಲ್ಲೇ ಬಗೆಹರಿಸಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ತನ್ನ 130ನೇ ಶಿಫಾರಸಿನಲ್ಲಿ ಹೇಳಿದೆ. ಸಾರ್ವಜನಿಕ ಸೇವೆಯವರಿಗೆಂದೇ 1978ರಲ್ಲಿ 151ನೇ ಒಡಂಬಡಿಕೆ ಬಂತು. ಜಗಳವನ್ನು ಮಾತುಕತೆಯಲ್ಲಿ, ಇಲ್ಲವೇ ಎರಡೂ ಕಡೆಯವರು ನಂಬುವ ಮಧ್ಯಸ್ಥಿಕೆಯಲ್ಲಿ ಬಗೆಹರಿಸಿ ಅನ್ನುತ್ತದೆ ಅದು. ಕಾಗದದಲ್ಲಿ ಇದೆಲ್ಲ ಇದ್ದರೂ, ದೂರು ಕೊಟ್ಟ ವಾರವೇ ಒಬ್ಬನನ್ನು ಕಷ್ಟದ ರೂಟಿಗೆ ಹಾಕಿದರೆ ಇನ್ನುಳಿದವರು ಬಾಯಿ ಬಿಡುತ್ತಾರಾ? ನಿಮಗಿಂತ ಮೊದಲು ನಿಮ್ಮ ಡಿಪೊದಲ್ಲಿ ಹಾಗೆ ಆಗಿದೆಯಾ, ಹಳೇ ಡ್ಯೂಟಿ ಪುಸ್ತಕ ತೆಗೆದು ನೋಡಿ. ಆಗಿದ್ದರೆ ಆ ಮನುಷ್ಯನನ್ನು ಕರೆದು, ಅವರ ಹಳೇ ರೂಟ್ ವಾಪಸ್ ಕೊಡಿ. ಮೀಟಿಂಗ್ ಆಮೇಲೆ ಕರೆಯಿರಿ.
– ಯೂನಿಯನ್ ಕೆಲಸ ಮಾಡುವ ಓದುಗ