ಸ್ಕೂಟರಿನ ‘ಕರೆಂಟ್’, ‘ಕಿಡಿ’, ‘ಮಿಸ್ಸಿಂಗ್’: ನಿಮ್ಮ ಕಡೆ ಏನಂತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಪುಣೆಯ ಚಿಂಚವಡದಲ್ಲಿ ನಾವು ಕೆಲವು ಕನ್ನಡದವರು ಬಿಡುವಿದ್ದಾಗ ಹಳೆಯ ಸ್ಕೂಟರ್ ಬಿಚ್ಚಿ, ತೊಳೆದು, ಮತ್ತೆ ರಸ್ತೆಗೆ ಇಳಿಸುತ್ತೇವೆ. ಬಜಾಜ್ ಚೇತಕ್ 1972ರಲ್ಲಿ ಬಂದದ್ದು ಇಲ್ಲೇ ಪಕ್ಕದ ಆಕುರ್ಡಿಯಿಂದ. ಹಾಗಾಗಿ ಸಾಮಾನಿಗೆ ತೊಂದರೆ ಇಲ್ಲ. ನಾನಾ ಪೇಠೆಯ ಅಂಗಡಿಗಳಲ್ಲಿ ಸಿಗದಿದ್ದರೆ ಬುಧವಾರ, ಭಾನುವಾರ ಸೇರುವ ಜೂನಾ ಬಜಾರ್ ಇದ್ದೇ ಇದೆ. ಈಗ ಧಾರವಾಡ ಮತ್ತು ಮೈಸೂರಿನ ಗೆಳೆಯರೂ ಇದೇ ಕೆಲಸಕ್ಕೆ ಕೈ ಹಾಕಿದ್ದಾರೆ. ಅವರಿಗಾಗಿ ಇಗ್ನಿಷನ್, ಅಂದರೆ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಭಾಗದ, ತೊಂದರೆ ಹುಡುಕುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡೂ ಕಡೆಯವರಿಗೆ ಒಂದೇ ಅರ್ಥ ಕೊಡುವ ಮಾತು ಬೇಕು. ಅದಕ್ಕೇ ಈ ಪತ್ರ.

ಮೊದಲ ತೊಡಕು ‘ಕರೆಂಟ್’. ಇಲ್ಲಿ ನಮಗೆ ಕೆಲಸ ಕಲಿಸಿಕೊಟ್ಟ ಮೇಸ್ತ್ರಿ ವಿಜಯಪುರದ ಕಡೆಯವರು. ಎಂಜಿನ್ನಿನೊಳಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ, ಅದರ ವೈರಿನ ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಹೆಡ್ಡಿಗೆ ತಾಗಿಸಿ ಹಿಡಿದು ಒಂದು ಕಿಕ್ ಹೊಡೆಸುತ್ತಾರೆ. ತುದಿಯಲ್ಲಿ ಏನೂ ಕಾಣದಿದ್ದರೆ "ಕರಂಟ್ ಬರವಲ್ತು ನೋಡ್ರಿ" ಅನ್ನುತ್ತಾರೆ. ಇದನ್ನೇ ಫೋನಿನಲ್ಲಿ ಮೈಸೂರಿನ ಗೆಳೆಯರಿಗೆ ಹೇಳಿದರೆ ಅವರು ಬ್ಯಾಟರಿ ಹುಡುಕಲು ಹೊರಟರು. ಆ ಹಳೆಯ ಗಾಡಿಗೆ ಬ್ಯಾಟರಿಯೇ ಇಲ್ಲ! ಎಂಜಿನ್ನಿನ ಜೊತೆ ತಿರುಗುವ ಚಕ್ರದ (ಫ್ಲೈವೀಲ್) ಒಳಗಿನ ಅಯಸ್ಕಾಂತ, ತಂತಿ ಸುತ್ತಿದ ಕಾಯಿಲ್‌ಗಳ ಸುತ್ತ ತಿರುಗಿದಾಗ ಅಲ್ಲೇ ವಿದ್ಯುತ್ ಹುಟ್ಟುತ್ತದೆ. ದೀಪಕ್ಕೆ ಒಂದು ಕಾಯಿಲ್, ಪ್ಲಗ್ಗಿಗೆ ಬೇರೆ ಕಾಯಿಲ್. ದೀಪ ಚೆನ್ನಾಗಿ ಉರಿದೂ ಪ್ಲಗ್ ಸತ್ತಿರಬಹುದು. ‘ಕರೆಂಟ್’ ಎಂಬ ಒಂದೇ ಮಾತು ಎರಡಕ್ಕೂ ಬಳಕೆಯಾದರೆ ಹುಡುಕುವವರು ದಾರಿ ತಪ್ಪುತ್ತಾರೆ.

ಹಾಗಾಗಿ ಪ್ಲಗ್ಗಿನ ತುದಿಯಲ್ಲಿ ಕಾಣುವುದಕ್ಕೆ ‘ಕಿಡಿ’ ಅಂತಲೇ ಬರೆಯುತ್ತಿದ್ದೇನೆ. ಸಂಶಯ ಇರುವುದು ಅದರ ಕ್ರಿಯಾಪದದಲ್ಲಿ. ಕಿಡಿ ಹಾರುತ್ತದೆಯೋ, ಸಿಡಿಯುತ್ತದೆಯೋ? ನನ್ನ ಕಿವಿಗೆ ‘ಹಾರು’ ಅಂದರೆ ಒಲೆಯಿಂದ, ಕುಲುಮೆಯಿಂದ ದೂರ ಚಿಮ್ಮುವುದು. ಪ್ಲಗ್ಗಿನದು ಎಲ್ಲಿಗೂ ಚಿಮ್ಮುವುದಿಲ್ಲ, ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ ಇರುವ ಸಂದನ್ನು ದಾಟುತ್ತದೆ, ಅಷ್ಟೆ. ಮೇಸ್ತ್ರಿ ಮಾತ್ರ "ಕಾಯಿಲ್ ಕರಂಟ್ ಒಗೀತದ" ಅನ್ನುತ್ತಾರೆ. ಒಗೆ ಅಂದರೆ ಆ ಕಡೆ ಎಸೆ ಅಂತ. ಕಾಯಿಲ್ ಒಗೆಯುತ್ತದೆ, ಪ್ಲಗ್ ಹಿಡಿಯುತ್ತದೆ. ನನಗೆ ಇದು ಬಹಳ ಹಿಡಿಸಿತು. ಆದರೆ ಮೈಸೂರಿನವರಿಗೆ ಒಗೆಯುವುದು ಅಂದರೆ ಬಟ್ಟೆ ಒಗೆಯುವುದೇ ಅಲ್ವಾ? ಆ ಕಡೆಯವರು ಹೇಳಬೇಕು.

‘ಗ್ಯಾಪ್’ಗೆ ‘ಸಂದು’ ಸಲೀಸಾಗಿ ಕೂತಿದೆ. ಪ್ಲಗ್ಗಿನ ಸಂದು 0.6 ಮಿಲಿಮೀಟರ್. ಸಂದು ಅಳೆಯುವ ಫೀಲರ್ ಗೇಜ್ ಕೈಗೆ ಸಿಗದಿದ್ದಾಗ ಮೇಸ್ತ್ರಿ ಹ್ಯಾಕ್ಸಾ ಬ್ಲೇಡನ್ನೇ ತೂರಿಸಿ ನೋಡುತ್ತಾರೆ. ಅದರ ದಪ್ಪ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಇನ್ನು ಪಾಯಿಂಟ್. ಫ್ಲೈವೀಲಿನ ಹಿಂದೆ ಎರಡು ಪುಟ್ಟ ಲೋಹದ ಬಿಲ್ಲೆಗಳು ಒಂದಕ್ಕೊಂದು ತಾಗುತ್ತವೆ, ಬಿಡುತ್ತವೆ. ತಾಗಿದಾಗ ಕಿಡಿ ಬರುತ್ತದೆ ಅಂತಲೇ ಬಹಳ ಜನ ತಿಳಿದಿದ್ದಾರೆ. ವಿಷಯ ತಿರುಗಾಮುರುಗಾ. ತಾಗಿದ್ದಾಗ ಕಾಯಿಲಿನಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಬಿಟ್ಟ ಕ್ಷಣ ಆ ಹರಿವು ಕಡಿಯುತ್ತದೆ. ಆಗಲೇ ಪ್ಲಗ್ಗಿಗೆ ಸಾವಿರಾರು ವೋಲ್ಟಿನ ಹೊಡೆತ ಬೀಳುತ್ತದೆ. ಇದನ್ನು ಬರೆಯಲು ‘ತೆರೆಯುವುದು, ಮುಚ್ಚುವುದು’ ಅಂದರೆ ಬಾಗಿಲು ತೆಗೆದರೆ ಹರಿಯುತ್ತದೆ ಎಂಬ ತಪ್ಪು ಚಿತ್ರ ಬರುತ್ತದೆ. ‘ಕೂಡುವುದು, ಬಿಡುವುದು’ ಅಂದರೆ ಆ ಗೊಂದಲ ಇಲ್ಲ. "ಪಾಯಿಂಟ್ ಬಿಟ್ಟಾಗ ಕಿಡಿ." ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಆಗಲಿಲ್ಲ. ಪಾಯಿಂಟ್ ಪೂರ್ತಿ ಬಿಟ್ಟಾಗ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು.

ಪಾಯಿಂಟ್ ಕೆಟ್ಟರೆ ಎಲ್ಲರೂ ‘ಸುಟ್ಟಿದೆ’ ಅನ್ನುತ್ತಾರೆ. ಆದರೆ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಎರಡು ಬೇರೆ ತೊಂದರೆಗಳಿವೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಮೇಲೆ ಬೂದು ಬಣ್ಣದ ಪೊರೆ ಕಟ್ಟಿರುತ್ತದೆ. ನುಣುಪು ಮರಳು ಕಾಗದ ಆಡಿಸಿ, ಪೆಟ್ರೋಲಿನಲ್ಲಿ ಒರೆಸಿದರೆ ಸಾಕು. ಇನ್ನೊಂದರಲ್ಲಿ ಒಂದು ಬಿಲ್ಲೆಯಲ್ಲಿ ಗುಳಿ, ಎದುರಿನದರಲ್ಲಿ ಅದಕ್ಕೆ ಸರಿಯಾಗಿ ಗುಬಟು. ಇದು ಕಂಡೆನ್ಸರ್ ಕೆಟ್ಟ ಗುರುತು ಆಗಿರಬಹುದು. ಪಾಯಿಂಟ್ ಬಿಡುವಾಗ ಅಲ್ಲೇ ಕಿಡಿಯಾಗದಂತೆ ತಡೆಯುವುದು ಕಂಡೆನ್ಸರಿನ ಕೆಲಸ. ಅದು ಕೈಕೊಟ್ಟರೆ ಲೋಹ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಅಂಟುತ್ತದೆ. ಪ್ಲಗ್ಗಿನ ಕಿಡಿಯೂ ಮಂಕಾಗುತ್ತದೆ. ಆಗ ಪಾಯಿಂಟ್ ಒಂದನ್ನೇ ಬದಲಿಸಿದರೆ ಸುಮ್ನೆ ದುಡ್ಡು ದಂಡ. ಮೇಸ್ತ್ರಿ ಇದಕ್ಕೆ "ಪಾಯಿಂಟ್ ತಿಂದಾವ" ಅನ್ನುತ್ತಾರೆ. ಮೊದಲನೆಯದಕ್ಕೆ ‘ಪೊರೆ ಕಟ್ಟಿದೆ’, ಎರಡನೆಯದಕ್ಕೆ ‘ತಿಂದಿದೆ’ ಅಂತ ಬೇರೆ ಬೇರೆ ಇಟ್ಟುಕೊಂಡಿದ್ದೇನೆ. ಹುಳು ತಿಂದ, ತುಕ್ಕು ತಿಂದ ಅನ್ನುವ ಬಳಕೆ ಎಲ್ಲ ಕಡೆ ಇರುವುದರಿಂದ ಇದು ನಡೆದೀತು ಅನಿಸುತ್ತದೆ.

‘ಮಿಸ್ಸಿಂಗ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಡಿ ಓಡುತ್ತಿರುವಾಗ ನಡುನಡುವೆ ಕಿಡಿ ತಪ್ಪಿದರೆ ‘ಮಿಸ್ಸಿಂಗ್ ಹೊಡೀತಿದೆ’ ಅಂತ ಎರಡೂ ಕಡೆ ಅನ್ನುತ್ತಾರೆ. ಹಾಗೇ ಇರಲಿ.

‘ಕಿಕ್‌ಬ್ಯಾಕ್’ ಮಾತ್ರ ಕನ್ನಡದಲ್ಲಿ ಚೆನ್ನಾಗಿ ಬರುತ್ತದೆ. ಪಿಸ್ಟನ್ ಪೂರ್ತಿ ಮೇಲೇರುವ ಮೊದಲೇ, ತೀರಾ ಬೇಗ ಕಿಡಿ ಬಿದ್ದರೆ ಅದು ಹಿಂದಕ್ಕೆ ತಳ್ಳಿಸಿಕೊಂಡು ಕಿಕ್ಕರ್ ಕಾಲಿಗೆ ಬಡಿಯುತ್ತದೆ. ನಮ್ಮಲ್ಲಿ ಹಾಲು ಕೊಡದ ಎಮ್ಮೆಗೆ ಹೇಳುವಂತೆ "ಗಾಡಿ ಒದೀತದ" ಅನ್ನುತ್ತಾರೆ. ಪಾಯಿಂಟಿನ ಸಂದು ಜಾಸ್ತಿಯಾದರೆ ಕಿಡಿ ಮುಂಚೆ ಬೀಳುತ್ತದೆ. ಫ್ಲೈವೀಲನ್ನು ಜಾಗದಲ್ಲಿ ಹಿಡಿದಿಡುವ ಅರ್ಧಚಂದ್ರದ ಕೀ ತುಂಡಾದರೂ ಕಿಡಿ ಬೀಳುವ ಹೊತ್ತು (ಟೈಮಿಂಗ್) ಕೆಡುತ್ತದೆ. ಒದೆಯುವ ಗಾಡಿಗೆ ಮತ್ತೆ ಮತ್ತೆ ಕಿಕ್ ಹೊಡೆಯಬೇಡಿ, ಮೊದಲು ಇವೆರಡನ್ನು ನೋಡಿ.

ಇನ್ನೊಂದು ‘ಬಂದ್ ಬೀಳು’. ಮರಾಠಿಯ ‘ಬಂದ್ ಪಡಣೆ’ ಇಲ್ಲಿನ ಕನ್ನಡದಲ್ಲಿ, ಉತ್ತರ ಕರ್ನಾಟಕದಲ್ಲಿ ಬೆರೆತುಹೋಗಿದೆ. ‘ಕೆಟ್ಟು ನಿಂತಿತು’ ಅಂದರೆ ಕೆಟ್ಟದ್ದು ಖಚಿತ. ‘ಬಂದ್ ಬಿತ್ತು’ ಅಂದರೆ ಓಡುತ್ತಾ ನಿಂತಿತು, ಕಾರಣ ಇನ್ನೂ ಗೊತ್ತಿಲ್ಲ. ಕಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುವ ಗಾಡಿಗೆ ಈ ಎರಡನೆಯದೇ ಸರಿ. ಅಂಥಲ್ಲಿ ಕಂಡೆನ್ಸರ್ ಇಲ್ಲವೇ ಕಾಯಿಲ್ ಮೇಲೆ ಮೊದಲ ಅನುಮಾನ.

‘ಇಗ್ನಿಷನ್’ಗೆ ‘ದಹನ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ದಹನ ಅಂದರೆ ಉರಿಯುವುದು. ಇಲ್ಲಿ ಬೇಕಾದದ್ದು ಹೊತ್ತಿಸುವುದು. ‘ಹೊತ್ತಿಸುವ ಏರ್ಪಾಡು’ ಅನ್ನಲೋ, ‘ಇಗ್ನಿಷನ್’ ಅಂತಲೇ ಬಿಡಲೋ?

ಮಂಗಳೂರು, ಕುಂದಾಪುರದ ಕಡೆಯವರು, ಮೈಸೂರು, ಹಾಸನದವರು ನಿಮ್ಮೂರಿನ ಗ್ಯಾರೇಜಿನಲ್ಲಿ ಕೇಳಿದ ಮಾತನ್ನೇ ಬರೆಯಿರಿ. ಮುಖ್ಯವಾಗಿ ಮೂರಕ್ಕೆ: ಕಿಡಿಗೆ ಯಾವ ಕ್ರಿಯಾಪದ, ಗುಳಿ ಬಿದ್ದ ಪಾಯಿಂಟಿಗೆ ಏನು ಹೇಳುತ್ತಾರೆ, ‘ಬಂದ್ ಬಿತ್ತು’ ಅಂದರೆ ನಿಮ್ಮಲ್ಲಿ ತಿಳಿಯುತ್ತದೆಯೇ.